ಹುಬ್ಬಳ್ಳಿ ಭಾಗದಲ್ಲಿ ರೈಲು, ಬಸ್ಸು ಎರಡನ್ನೂ ಒಂದೇ ಸರ್ಕಾರಿ ಸಂಸ್ಥೆ ಯಾಕೆ ನಡೆಸಬಾರದು?

ನೀವು ಕೇಳಿದ್ದು ಇದು: ಉತ್ತರ ಐರ್ಲೆಂಡಿನಲ್ಲಿ ಟ್ರಾನ್ಸ್‌ಲಿಂಕ್ ಅನ್ನುವ ಒಂದೇ ಸರ್ಕಾರಿ ಸಂಸ್ಥೆ ರೈಲನ್ನೂ ಓಡಿಸುತ್ತದೆ, ಬಸ್ಸನ್ನೂ ಓಡಿಸುತ್ತದೆ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇದೆ, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿಯೂ ಇದೆ. ಎರಡನ್ನೂ ಒಂದು ಮಾಡಿದರೆ ಜನರಿಗೆ ಅನುಕೂಲ ಅಲ್ವಾ?

ನಾನು ಲಕ್ಷ್ಮೇಶ್ವರದವನು, ಕೆಲಸ ಹುಬ್ಬಳ್ಳಿಯಲ್ಲಿ. ಬಸ್ಸು, ರೈಲು ಎರಡನ್ನೂ ನೆಚ್ಚಿಕೊಂಡವನು. ಒಂದು ಮಾಡುವುದು ಬಹಳ ಕಷ್ಟ. ನಮಗೆ ಅದರ ಅಗತ್ಯವೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಎರಡೂ ಕಡೆಯವರು ಒಟ್ಟಿಗೆ ಕೂತು ವೇಳಾಪಟ್ಟಿ ಮಾಡಿದರೆ ನಮ್ಮ ಅರ್ಧ ಕಷ್ಟ ಕಳೆಯುತ್ತದೆ.

ಕಷ್ಟ ಯಾಕೆ ಅಂದರೆ, ರೈಲ್ವೆ ಪೂರ್ತಿ ಕೇಂದ್ರದ ವಿಷಯ. ದರ ನಿರ್ಧಾರ ಆಗುವುದು ದೆಹಲಿಯಲ್ಲಿ. ವಾಯವ್ಯ ಸಾರಿಗೆ ರಾಜ್ಯದ ನಿಗಮ, 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದದ್ದು. ಇದರ ವ್ಯಾಪ್ತಿ ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ಉತ್ತರ ಕನ್ನಡ. 2003ರಲ್ಲಿ ಶುರುವಾದ ನೈಋತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಮೂರು ವಿಭಾಗ. ಅದರ ಹಳಿ ಗೋವಾಕ್ಕೂ ಹೋಗುತ್ತದೆ. ಟಿಕೆಟ್ ವಿಷಯ ಇನ್ನೂ ಗೋಜಲು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ಸಾಮಾನ್ಯ ಬಸ್ಸಿನಲ್ಲಿ ನಮ್ಮ ಅಕ್ಕ-ತಂಗಿಯರಿಗೆ ಶೂನ್ಯ ಟಿಕೆಟ್. ಅದರ ಹಣ ನಿಗಮಕ್ಕೆ ರಾಜ್ಯ ಸರ್ಕಾರ ಕೊಡಬೇಕು. ರೈಲಿಗೆ ಅದು ಅನ್ವಯಿಸುವುದಿಲ್ಲ. ಎರಡಕ್ಕೂ ಒಂದೇ ಟಿಕೆಟ್ ಅಂದಕೂಡಲೇ ಯಾರ ಪಾಲು ಎಷ್ಟು ಅನ್ನೋ ಜಗಳ ಶುರುವಾಗುತ್ತದೆ.

ಆದರೆ ಹೊಂದಾಣಿಕೆ ಅನ್ನೋದು ಹೊಸ ಕನಸೇನಲ್ಲ. ನಮ್ಮ ಸಾರಿಗೆ ನಿಗಮಗಳೆಲ್ಲ ನಿಂತಿರುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಮೇಲೆ. ನಿಗಮ ಯಾಕೆ ಬೇಕು ಅಂತ ಹೇಳುವ 3ನೇ ಸೆಕ್ಷನ್ನಿನಲ್ಲೇ, ರಸ್ತೆ ಸಾರಿಗೆಯನ್ನು ಬೇರೆ ಸಾರಿಗೆಗಳ ಜೊತೆ ಹೊಂದಿಸುವ ಮಾತಿದೆ. ಒಂದು ಕಾಲಕ್ಕೆ ರೈಲ್ವೆಯೇ ರಾಜ್ಯಗಳ ಬಸ್ ನಿಗಮಗಳಲ್ಲಿ ಬಂಡವಾಳ ಹಾಕುತ್ತಿತ್ತು. ಇದನ್ನು ಮೊದಲು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹಿರಿಯರು ಯೋಚನೆ ಮಾಡಿಯೇ ಬರೆದಿದ್ದಾರೆ.

ಇನ್ನು ನೀವು ಹೇಳಿದ ಉತ್ತರ ಐರ್ಲೆಂಡು. ಅಲ್ಲಿ ಈಗಿನ ವ್ಯವಸ್ಥೆ ಚೆನ್ನಾಗಿದೆ. 2024ರಲ್ಲಿ ಬೆಲ್‌ಫಾಸ್ಟಿನಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಬಸ್ಸೂ ರೈಲೂ ಒಂದೇ ಸೂರಿನಡಿ ಸಿಗುತ್ತವೆ. ಆದರೆ ಅದರ ಹಿಂದಿನ ಕಥೆಯನ್ನೂ ನೋಡಿ. 1948ರಲ್ಲಿ ಅಲ್ಲಿನ ಸರ್ಕಾರ ಅಲ್ಸ್ಟರ್ ಸಾರಿಗೆ ಪ್ರಾಧಿಕಾರ ಅಂತ ಮಾಡಿ ರೈಲು, ಬಸ್ಸು, ಲಾರಿ ಎಲ್ಲವನ್ನೂ ಒಂದೇ ಕೈಗೆ ಕೊಡಲು ಹೊರಟಿತು. ಆಮೇಲೆ ಏನಾಯಿತು? ಬಸ್ಸಿನ ಖರ್ಚು ಕಡಿಮೆ ಅಂತ ಒಂದೊಂದೇ ರೈಲು ಮಾರ್ಗ ಮುಚ್ಚುತ್ತಾ ಬಂದರು. ಟೈರೋನ್, ಫರ್ಮಾನಾ ಅನ್ನೋ ಎರಡು ಕೌಂಟಿಗಳಲ್ಲಿ ಇವತ್ತಿಗೂ ರೈಲಿಲ್ಲ. ಕೊನೆಗೆ 1960ರ ದಶಕದಲ್ಲಿ ಆ ಪ್ರಾಧಿಕಾರವನ್ನೇ ಒಡೆದು ರೈಲಿಗೆ, ಬಸ್ಸಿಗೆ ಬೇರೆ ಬೇರೆ ಕಂಪನಿ ಮಾಡಿದರು. ಒಡೆತನ ಮಾತ್ರ ಸರ್ಕಾರದ್ದೇ ಉಳಿಯಿತು. ಟ್ರಾನ್ಸ್‌ಲಿಂಕ್ ಅನ್ನೋ ಒಂದೇ ಹೆಸರು ಬಂದದ್ದು 1990ರ ದಶಕದಲ್ಲಿ. ನಮ್ಮ ಹುಬ್ಬಳ್ಳಿ ಭಾಗದಲ್ಲಿ ಹೊಸ ಹಳಿಗಾಗಿ ಜನ ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಅಂತ ನಿಮಗೂ ಗೊತ್ತಿರಬೇಕು. ಲಾಭ-ನಷ್ಟದ ಲೆಕ್ಕ ಒಂದೇ ಪುಸ್ತಕದಲ್ಲಿ ಬಂದರೆ ಯಾವುದಕ್ಕೆ ಕತ್ತರಿ ಬೀಳುತ್ತದೋ ಅನ್ನೋ ಭಯ ನನಗಿದೆ.

ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ, ಚಿಗರಿ ಬಸ್ಸು. ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ದಾರಿಯನ್ನು, ಅಂದರೆ ಬಸ್ಸಿಗೆ ಮೀಸಲಾದ ದಾರಿಯನ್ನು, ಮಾಡಿಸಿದ್ದು ಒಂದು ಪ್ರತ್ಯೇಕ ಸರ್ಕಾರಿ ಕಂಪನಿ, ಬಸ್ಸು ಓಡಿಸುವುದು ವಾಯವ್ಯ ಸಾರಿಗೆ. ಎರಡು ಸಂಸ್ಥೆ, ಒಂದು ಸೇವೆ. ಹುಬ್ಬಳ್ಳಿ ರೈಲ್ವೆ ಸ್ಟೇಶನ್ನಿನ ಹತ್ತಿರವೇ ಚಿಗರಿ ಸಿಗುತ್ತದೆ. ಧಾರವಾಡದಲ್ಲಿ ಹಾಗಲ್ಲ, ಬಿಆರ್‌ಟಿಎಸ್ ದಾರಿ ರೈಲ್ವೆ ಸ್ಟೇಶನ್ನಿನ ತನಕ ಹೋಗುವುದಿಲ್ಲ.

ನನಗೆ ಜಾಸ್ತಿ ಕಾಳಜಿ ಇರುವುದು ಹಳ್ಳಿ, ಸಣ್ಣ ಊರುಗಳ ಬಗ್ಗೆ. ನಮ್ಮ ಲಕ್ಷ್ಮೇಶ್ವರದಲ್ಲಿ ರೈಲಿಲ್ಲ, ನಾವು ಇಳಿಯುವುದು ಯಲವಿಗಿಯಲ್ಲಿ. ಯಲವಿಗಿ ಹಾವೇರಿ ಜಿಲ್ಲೆ, ಲಕ್ಷ್ಮೇಶ್ವರ ಗದಗ ಜಿಲ್ಲೆ. ಬಸ್ ಸಂಸ್ಥೆಯಲ್ಲೂ ಹಾವೇರಿ ವಿಭಾಗ ಬೇರೆ, ಗದಗ ವಿಭಾಗ ಬೇರೆ. ನೋಡಿ, ಒಂದೇ ಸಂಸ್ಥೆಯ ಒಳಗೂ ಹೊಂದಿಸುವ ಕೆಲಸ ಬೇರೆಯಾಗಿಯೇ ಮಾಡಬೇಕು. ಗದಗ ಜಂಕ್ಷನ್ನಿನಲ್ಲಿ ಇಳಿದು ಮುಂಡರಗಿಗೋ ಗಜೇಂದ್ರಗಡಕ್ಕೋ ಹೋಗುವವರನ್ನು ನೆನೆಸಿಕೊಳ್ಳಿ. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು, ಹೊತ್ತು ಮುಳುಗಿರುತ್ತದೆ. ರಾತ್ರಿ ಊರಿಗೆ ಹೋಗಿ ಅಲ್ಲೇ ಉಳಿದು ಬೆಳಗ್ಗೆ ಹೊರಡುವ ವಸ್ತಿ ಬಸ್ಸೇ ಎಷ್ಟೋ ಹಳ್ಳಿಗಳಿಗೆ ಕೊನೆಯ ಬಸ್ಸು. ಅದು ತಪ್ಪಿದರೆ ಬಸ್‌ಸ್ಟ್ಯಾಂಡಿನಲ್ಲೇ ಮಲಗಬೇಕು, ಇಲ್ಲ ದುಡ್ಡು ಕೊಟ್ಟು ಗಾಡಿ ಮಾಡಿಸಿಕೊಳ್ಳಬೇಕು. ಸಂಜೆಯ ರೈಲು ತಡ ಅಂತ ಸ್ಟೇಶನ್ ಮಾಸ್ಟರಿಗೆ ಗೊತ್ತಾದಾಗ ಬಸ್‌ಸ್ಟ್ಯಾಂಡಿನ ಕಂಟ್ರೋಲರಿಗೂ ಒಂದು ಫೋನ್ ಹೋಗಬೇಕು. ಕೊನೆಯ ಬಸ್ಸು ಕಾಲು ಗಂಟೆ ನಿಲ್ಲಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಹೊಸ ಕಂಪನಿಯೂ ಬೇಕಿಲ್ಲ.

ನಿಮಗೆ ನಿಜವಾಗಿ ಆಸಕ್ತಿ ಇದ್ದರೆ ಹೀಗೆ ಮಾಡಿ. ನಿಮ್ಮ ಸ್ಟೇಶನ್ನಿಗೆ ಸಂಜೆ ಯಾವ ರೈಲು ಬರುತ್ತದೆ, ನಿಮ್ಮ ಕಡೆಯ ಕೊನೆಯ ಬಸ್ಸು ಎಷ್ಟಕ್ಕೆ ಬಿಡುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಡಿಪೊ ಮ್ಯಾನೇಜರಿಗೂ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೂ ಕೊಡಿ. ರೈಲ್ವೆಯ ಪ್ರತಿ ವಿಭಾಗದಲ್ಲೂ ಬಳಕೆದಾರರ ಸಲಹಾ ಸಮಿತಿ ಇರುತ್ತದೆ, ಅದರ ಸದಸ್ಯರಿಗೂ ಒಂದು ಪ್ರತಿ ಹೋಗಲಿ. ಊರ ಪಂಚಾಯಿತಿಯ ಠರಾವು ಜೊತೆಗಿದ್ದರೆ ಇನ್ನೂ ಒಳ್ಳೆಯದು.