ಡಿಎಫ್‌ಟಿ ಬಿಟ್ಟು ನೇರ ಮಷೀನ್ ಲರ್ನಿಂಗ್‌ಗೆ ಹೋಗಬಹುದೇ?

ಮಂಡ್ಯದಿಂದ ದಿನವೂ ಮಾನಸಗಂಗೋತ್ರಿಗೆ ಓಡಾಡುತ್ತ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವವರೊಬ್ಬರ ಪತ್ರ: ‘ಕಂಪ್ಯೂಟರ್‌ನಲ್ಲಿ ವಸ್ತುಗಳ ಗುಣ ಲೆಕ್ಕ ಹಾಕುವ ಸಂಶೋಧನೆಗೆ ಸೇರುವ ಆಸೆ ಇದೆ. ಡಿಎಫ್‌ಟಿ (ಡೆನ್ಸಿಟಿ ಫಂಕ್ಷನಲ್ ಥಿಯರಿ, ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ವಸ್ತುವಿನ ಗುಣ ಲೆಕ್ಕ ಹಾಕುವ ವಿಧಾನ) ಹಳೆಯದಾಯಿತು, ನೇರ ಮಷೀನ್ ಲರ್ನಿಂಗ್ ಕಲಿ ಅನ್ನುತ್ತಾರೆ ಗೆಳೆಯರು. ನನ್ನಲ್ಲಿರುವುದು 8 ಜಿಬಿಯ ಲ್ಯಾಪ್‌ಟಾಪ್ ಮಾತ್ರ. ಏನು ಮಾಡಲಿ?’

ಸಂಪಾದಕರ ಉತ್ತರ:

ಡಿಎಫ್‌ಟಿ ಬಿಡಬೇಡಿ. ‘ಮೆಟೀರಿಯಲ್ಸ್ ಪ್ರಾಜೆಕ್ಟ್’ನಂಥ ಮುಕ್ತ ಭಂಡಾರಗಳಲ್ಲಿ ಸಿಗುವ ಅಂಕಿಗಳಲ್ಲಿ ಬಹುಪಾಲು ಪ್ರಯೋಗಾಲಯದಲ್ಲಿ ಅಳೆದವಲ್ಲ, ಡಿಎಫ್‌ಟಿಯಿಂದ ಲೆಕ್ಕ ಹಾಕಿದವು. ಸಿಲಿಕಾನ್‌ನ ಬ್ಯಾಂಡ್ ಗ್ಯಾಪ್ (ವಿದ್ಯುತ್ ಹರಿಸಲು ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ) ಅಳೆದರೆ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್. ಡಿಎಫ್‌ಟಿಯಲ್ಲಿ 1996ರಿಂದ ಬಳಕೆಯಲ್ಲಿರುವ ಪಿಬಿಇ ಫಂಕ್ಷನಲ್ (ಎಲೆಕ್ಟ್ರಾನ್‌ಗಳ ಪರಸ್ಪರ ಪ್ರಭಾವಕ್ಕೆ ಬಳಸುವ ಅಂದಾಜು ಸೂತ್ರ) ಕೊಡುವುದು 0.6ರ ಆಸುಪಾಸು. ಅಂಥ ಅಂಕಿಗಳಿಂದ ಕಲಿತ ಮಷೀನ್ ಲರ್ನಿಂಗ್ ಮಾಡೆಲ್, ಬಾಯಿಪಾಠ ಮಾಡಿದ ಮಗುವಿನ ಹಾಗೆ, ಅದೇ ತಪ್ಪನ್ನು ಚಾಚೂ ತಪ್ಪದೆ ಒಪ್ಪಿಸುತ್ತದೆ. ಅದು ತಪ್ಪೆಂದು ಗೊತ್ತಾಗಬೇಕಾದದ್ದು ನಿಮಗೆ.

ನಿಮ್ಮ ಲ್ಯಾಪ್‌ಟಾಪ್ ಶುರುವಿಗೆ ಸಾಕು. ಉಬುಂಟು ಹಾಕಿಕೊಂಡು, ಉಚಿತವಾಗಿ ಸಿಗುವ ಡಿಎಫ್‌ಟಿ ಪ್ರೋಗ್ರಾಂ ಕ್ವಾಂಟಮ್ ಎಸ್ಪ್ರೆಸೊದಲ್ಲಿ ಎರಡು ಪರಮಾಣುಗಳ ಸಿಲಿಕಾನ್ ಕೋಶದಿಂದ ಆರಂಭಿಸಿ. ಒಂದು ಲೆಕ್ಕ ನಿಮಿಷಗಳಲ್ಲಿ ಮುಗಿಯುತ್ತದೆ. ಕಟ್‌ಆಫನ್ನು (ಲೆಕ್ಕದಲ್ಲಿ ಬಳಸುವ ತರಂಗಗಳ ಶಕ್ತಿಯ ಮಿತಿ) 20 ರಿಡ್‌ಬರ್ಗ್‌ನಿಂದ (ಇದು ಶಕ್ತಿಯ ಮಾನ) 60ರವರೆಗೆ ಹತ್ತು ಹತ್ತಾಗಿ ಏರಿಸುತ್ತ ಪ್ರತಿ ಸಲವೂ ಒಟ್ಟು ಶಕ್ತಿ ಬರೆದಿಡಿ. ಆಮೇಲೆ ಕಟ್‌ಆಫ್ ಹಾಗೇ ಬಿಟ್ಟು ಕೆ-ಪಾಯಿಂಟ್ ಜಾಲವನ್ನು (ಸ್ಫಟಿಕದ ಎಲೆಕ್ಟ್ರಾನ್ ತರಂಗಗಳನ್ನು ಲೆಕ್ಕ ಹಾಕಲು ಆರಿಸುವ ಬಿಂದುಗಳು) 2×2×2ರಿಂದ 8×8×8ಕ್ಕೆ ಒಯ್ಯಿರಿ. ಒಟ್ಟು ಶಕ್ತಿಯ ಬದಲಾವಣೆ ಪರಮಾಣುವಿಗೆ 1 ಮಿಲಿ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿಳಿದರೆ ಸಾಕು; ಎರಡು ಪರಮಾಣುಗಳ ಕೋಶದಲ್ಲಿ ಅದು ಸುಮಾರು 0.00015 ರಿಡ್‌ಬರ್ಗ್. ಇಷ್ಟೂ ಹೊತ್ತು ಸೂಡೊಪೊಟೆನ್ಷಿಯಲ್ (ಪರಮಾಣುವಿನ ತಿರುಳು ಹೊರ ಎಲೆಕ್ಟ್ರಾನ್‌ಗಳ ಮೇಲೆ ಬೀರುವ ಪ್ರಭಾವದ ಸರಳ ರೂಪ) ಒಂದೇ ಇರಲಿ. ಅದು ಬದಲಾದರೆ ಒಟ್ಟು ಶಕ್ತಿಗಳನ್ನು ಹೋಲಿಸುವುದಕ್ಕೆ ಅರ್ಥವೇ ಇಲ್ಲ. ಮುಂದೆ ಅಲ್ಯೂಮಿನಿಯಂ ಮಾಡಿ. ಸಿಲಿಕಾನ್‌ನ ಇನ್‌ಪುಟ್ಟನ್ನೇ ನಕಲು ಮಾಡಿದರೆ ‘ಇದು ಲೋಹ’ ಎಂದು ಪ್ರೋಗ್ರಾಂ ನಿಂತುಬಿಡುತ್ತದೆ. ಸ್ಮಿಯರಿಂಗ್ (ತುಂಬಿದ ಮತ್ತು ಖಾಲಿ ಎಲೆಕ್ಟ್ರಾನ್ ಮಟ್ಟಗಳ ಗಡಿಯನ್ನು ಸ್ವಲ್ಪ ಮಸುಕಾಗಿಸುವುದು) ಕೊಡಬೇಕು, 0.02 ರಿಡ್‌ಬರ್ಗ್‌ನಿಂದ ಶುರುಮಾಡಿ; ಕೆ-ಪಾಯಿಂಟ್‌ಗಳೂ ಹೆಚ್ಚು ಬೇಕು.

ಮಷೀನ್ ಲರ್ನಿಂಗ್ ಆಮೇಲೆ. ನ್ಯೂರಲ್ ನೆಟ್‌ವರ್ಕ್‌ಗಿಂತ ಮೊದಲು ರ್ಯಾಂಡಮ್ ಫಾರೆಸ್ಟ್ (ಹಲವು ನಿರ್ಣಯ ವೃಕ್ಷಗಳ ಉತ್ತರ ಸೇರಿಸುವ ವಿಧಾನ), ಅದಕ್ಕೂ ಮೊದಲು ‘ಎಲ್ಲಕ್ಕೂ ಸರಾಸರಿಯೇ ಉತ್ತರ’ ಎಂದರೆ ಎಷ್ಟು ತಪ್ಪಾಗುತ್ತದೆ ಎಂದು ನೋಡಿ. ಹೆಚ್ಚಿನವರು ಎಡವುವುದು ದತ್ತಾಂಶವನ್ನು ಕಲಿಕೆಗೆ, ಪರೀಕ್ಷೆಗೆ ಎಂದು ಭಾಗ ಮಾಡುವಲ್ಲಿ. ಟೈಟಾನಿಯಂ ಡೈಆಕ್ಸೈಡ್‌ನ ರೂಟೈಲ್ ರೂಪ ಕಲಿಕೆಗೂ ಅನಾಟೇಸ್ ರೂಪ ಪರೀಕ್ಷೆಗೂ ಹೋದರೆ ಪ್ರಶ್ನೆಪತ್ರಿಕೆ ಮೊದಲೇ ಸೋರಿದಂತೆ. ಒಂದೇ ರಾಸಾಯನಿಕ ಸೂತ್ರದ ನಮೂದುಗಳೆಲ್ಲ ಒಂದೇ ಕಡೆ ಇರಲಿ. ಸಾಧ್ಯವಾದರೆ ಸಲ್ಫೈಡ್‌ಗಳಂಥ ಇಡೀ ಗುಂಪನ್ನೇ ಪರೀಕ್ಷೆಗೆ ಎತ್ತಿಡಿ. ತಪ್ಪಿನ ಪ್ರಮಾಣ ಏರುತ್ತದೆ, ಏರಲಿ. ನಂಬಬೇಕಾದ ಅಂಕಿ ಅದೇ.

ಪಿಎಚ್.ಡಿ.ಗೆ ಸಿಎಸ್‌ಐಆರ್ ನೆಟ್, ಗೇಟ್, ಜೆಸ್ಟ್ ಈ ಮೂರೂ ಪರೀಕ್ಷೆಗಳನ್ನು ಬರೆಯಿರಿ. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಮೊತ್ತ 2023ರಿಂದ ತಿಂಗಳಿಗೆ 37,000 ರೂ. ದೊಡ್ಡ ಲೆಕ್ಕಗಳಿಗೆ ಬೇಕಾದ ಯಂತ್ರ ದೂರವೇನಿಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್‌ನ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ ಇದೆ. ಗೈಡ್ ಆಗಬಹುದಾದವರಿಗೆ ಪತ್ರ ಬರೆಯುವಾಗ ‘ತುಂಬಾ ಆಸಕ್ತಿ ಇದೆ’ ಎಂದಷ್ಟೇ ಬರೆಯಬೇಡಿ. ಮೇಲಿನ ಕಟ್‌ಆಫ್ ಗ್ರಾಫನ್ನು ಒಂದು ಪುಟದಲ್ಲಿ ಹಾಕಿ, ನಿಮ್ಮ ಕೋಡ್ ಜೊತೆಗಿಡಿ. ಅವರ ಗುಂಪಿಗೆ ವರ್ಷಕ್ಕೆ ಎಷ್ಟು ಕಂಪ್ಯೂಟರ್ ಸಮಯ ಸಿಗುತ್ತದೆ ಎಂದೂ ಸಂಕೋಚವಿಲ್ಲದೆ ಕೇಳಿ.

– ಸಂ.