ಕೂರೋಕೆ ಜಾಗ ಎಲ್ಲಿದೆ ಮೇಷ್ಟ್ರೇ?

ಮೈಸೂರಿನ ಸರಸ್ವತಿಪುರದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಬೆಂಗಳೂರಿನ ಪಿ.ಜಿ.ಯಲ್ಲಿರುವ ಮಗಳನ್ನು ನೋಡಲು ಹೋಗಿದ್ದೆ. ಅವಳು ನನ್ನನ್ನು ದೊಡ್ಡ ಕಂಪನಿಯ ಕಾಫಿ ಅಂಗಡಿಗೆ ಕರೆದುಕೊಂಡು ಹೋದಳು. ಒಂದು ಕಾಫಿಗೆ 290 ರೂಪಾಯಿ! ಬಿಸಿಯೇ ಇರಲಿಲ್ಲ. ನೊರೆ ಜಾಸ್ತಿ, ರುಚಿ ಕಹಿ. ಅಷ್ಟಾದರೂ ಅಂಗಡಿ ತುಂಬಾ ಹುಡುಗ ಹುಡುಗಿಯರು. ಒಂದೊಂದು ಲೋಟ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂತಿದ್ದರು. ದರ್ಶಿನಿಯ ಒಳ್ಳೆ ಕಾಫಿ ಬಿಟ್ಟು ಇಂಥದ್ದಕ್ಕೆ ದುಡ್ಡು ಸುರಿಯುವವರಿಗೆ ನಿಮ್ಮ ಪತ್ರಿಕೆ ನಾಲ್ಕು ಬುದ್ಧಿಮಾತು ಹೇಳಬಾರದೇ?”

ಮೇಷ್ಟ್ರೇ, ರುಚಿಯ ವಿಷಯದಲ್ಲಿ ನಿಮ್ಮ ಜೊತೆ ನನಗೆ ಜಗಳವಿಲ್ಲ. ನಮ್ಮ ನಾಲಿಗೆ ಪಳಗಿರುವುದು ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್‌ಗೆ, ಕುದಿಯುವ ಹಾಲಿಗೆ. ಅಲ್ಲಿ ಚಿಕೋರಿ ಇಲ್ಲ. ಹಾಲನ್ನು ಕುದಿಸುವುದೂ ಇಲ್ಲ. ಹಬೆ ಕೊಟ್ಟು 60–65 ಡಿಗ್ರಿಗೆ ನಿಲ್ಲಿಸುತ್ತಾರೆ. ಅದಕ್ಕಿಂತ ಜಾಸ್ತಿ ಕಾಯಿಸಿದರೆ ನೊರೆ ಒಡೆಯುತ್ತದೆ, ಹಾಲಿನ ಸಿಹಿ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ತುಟಿ ಸುಡದಿದ್ದರೆ ಅದು ಕಾಫಿಯೇ ಅಲ್ಲ ಅನ್ನುವವರು ನಾವು. “ಬಿಸಿ ಇಲ್ಲ” ಅನ್ನುವುದು ನಿಮ್ಮೊಬ್ಬರ ದೂರಲ್ಲ, ನಮ್ಮ ಕಡೆಯ ಎಲ್ಲರ ದೂರು. ಕಂಪನಿಗಳಿಗೂ ಇದು ಗೊತ್ತು. ಅಮೆರಿಕದ ಕಾಫಿ ಕಂಪನಿ ಸ್ಟಾರ್‌ಬಕ್ಸ್‌ನವರು ನಮ್ಮ ದೇಶಕ್ಕೆ ಬಂದು ಹತ್ತು ವರ್ಷವಾದ ಮೇಲೆ ಇಲ್ಲಿಗೆಂದೇ ಸಣ್ಣ ಲೋಟ, ಫಿಲ್ಟರ್ ಕಾಫಿ, ಮಸಾಲೆ ಚಹಾ ಎಲ್ಲ ತಂದರು. ಕಾಫಿ ಚೆನ್ನಾಗಿ ಬೇಕೆಂದರೆ ದರ್ಶಿನಿಗೇ ಹೋಗಿ. ನಾನೂ ಅಲ್ಲಿಗೇ ಹೋಗುತ್ತೇನೆ.

ಆದರೆ 290 ರೂಪಾಯಿಯನ್ನು ನೀವು ಪೂರ್ತಿ ಕಾಫಿಯ ತಲೆಗೆ ಕಟ್ಟಿದ್ದೀರಿ. ಅಲ್ಲಿ ಒಂದು ಲೋಟಕ್ಕೆ ಬೇಕಾಗುವ ಪುಡಿ ಸುಮಾರು 18 ಗ್ರಾಂ. ಹುರಿದ ಬೀಜ ಕೆಜಿಗೆ 1,200 ರೂಪಾಯಿ ಅಂದುಕೊಂಡರೂ ಅದರ ಬೆಲೆ 22 ರೂಪಾಯಿ ದಾಟುವುದಿಲ್ಲ. ಹಾಲು, ಲೋಟ ಸೇರಿಸಿ. ಮಿಕ್ಕ ದುಡ್ಡು ಬಾಡಿಗೆಗೆ, ಸಂಬಳಕ್ಕೆ, ಎಸಿಗೆ, ಕಂಪನಿಯ ಲಾಭಕ್ಕೆ ಹೋಗುತ್ತದೆ. ಗಿರಾಕಿಗೆ ಸಿಗುವುದು ಕಾಫಿ, ಅದರ ಜೊತೆಗೆ “ಏಳಿ” ಅಂತ ಯಾರೂ ಹೇಳದ ಒಂದು ಕುರ್ಚಿ. ನೀವು ಕುಡಿದು ಎದ್ದು ಬಂದಿರಿ, ನಿಮಗೆ ನಷ್ಟವಾಯಿತು. ಆ ಹುಡುಗರು ಮೂರು ಗಂಟೆ ಕೂತರು, ಅವರಿಗೆ ಗಂಟೆಗೆ ನೂರು ರೂಪಾಯಿಯೂ ಬೀಳಲಿಲ್ಲ. ದುಡ್ಡಿನ ಬೆಲೆ ತಿಳಿಯದವರು ಅಂತ ಅವರನ್ನು ಅಂದುಕೊಳ್ಳಬೇಡಿ.

ನಿಮ್ಮ ಮಗಳು ಪಿ.ಜಿ.ಯಲ್ಲಿದ್ದಾಳೆ ಅಂತ ನೀವೇ ಬರೆದಿದ್ದೀರಿ. ಹೆಣ್ಣುಮಕ್ಕಳ ಪಿ.ಜಿ.ಗಳಲ್ಲಿ ಹೆತ್ತ ಅಪ್ಪನನ್ನೂ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಕೆಳಗೆ ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಚಪ್ಪಲಿ ಸ್ಟ್ಯಾಂಡು, ಎದುರಿಗೆ ವಾರ್ಡನ್. ರೂಮಿನಲ್ಲಿ ಮೂರು ಮಂಚ. ಹಾಗಿರುವಾಗ ಅವಳು ಅಪ್ಪನ ಜೊತೆ ಒಂದು ಗಂಟೆ ಮಾತಾಡಬೇಕೆಂದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು? ದರ್ಶಿನಿಯಲ್ಲಿ ನಿಂತುಕೊಂಡು, ಬೆನ್ನ ಹಿಂದೆ ಟೇಬಲ್ಲಿಗೆ ಕಾಯುವವರ ಉಸಿರು ಕೇಳುತ್ತಾ, ಕೆಲಸದ ಕಷ್ಟ, ಮದುವೆಯ ಮಾತು ಆಡಲಿಕ್ಕಾಗುತ್ತದಾ? ಅವಳು ನಿಮಗೆ ಕಾಫಿ ಕುಡಿಸಲು ಹೋಗಿರಲಿಲ್ಲ ಮೇಷ್ಟ್ರೇ. ನಿಮ್ಮೆದುರು ಕೂರಲು ಹೋಗಿದ್ದಳು.

ಜಯನಗರದ ಅಂಥದೊಂದು ಅಂಗಡಿಯಲ್ಲಿ ನಾನು ಲೇಖನ ತಿದ್ದಲು ಆಗಾಗ ಕೂರುತ್ತೇನೆ. ಸುತ್ತ ಯಾರಿರುತ್ತಾರೆ ಅಂತ ಹೇಳುತ್ತೇನೆ ಕೇಳಿ. ಇಂಟರ್‌ವ್ಯೂಗೆ ಮೊದಲು ಬಂದು ತುಟಿ ಅಲ್ಲಾಡಿಸಿಕೊಂಡು ಉತ್ತರ ಉರು ಹೊಡೆಯುವ ಹುಡುಗಿ. ಮನೆಯವರು ನೋಡಿದ ಸಂಬಂಧ, ಮೊದಲ ಸಲ ಇಬ್ಬರೇ ಭೇಟಿಯಾಗಿರುವ ಗಂಡು ಹೆಣ್ಣು. ಅವರು ನೋಡಿದ ಕೂಡಲೇ ಗೊತ್ತಾಗುತ್ತಾರೆ, ಕೇಕನ್ನು ಇಬ್ಬರೂ ಮುಟ್ಟುವುದೇ ಇಲ್ಲ. ಮಧ್ಯಾಹ್ನ ಎರಡರ ಮೇಲೆ ಬರುವ ಒಬ್ಬ ಹೆಂಗಸು, ಐವತ್ತರ ಆಸುಪಾಸು, ಮಗ ಸೊಸೆ ಆಫೀಸಿಗೆ ಹೋದ ಮೇಲೆ ಒಬ್ಬರೇ ಬಂದು ಕಿಟಕಿ ಪಕ್ಕ ಕೂತು ವಾರಪತ್ರಿಕೆ ಓದುತ್ತಾರೆ. ಅವರನ್ನು ಯಾರೂ ತಿರುಗಿ ನೋಡುವುದಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ವಯಸ್ಸಿನ ಗಂಡಸರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ನಮ್ಮ ಹಳೇ ಹೋಟೆಲುಗಳು ನೆನಪಿವೆಯಲ್ವಾ? ಕಲ್ಲಿನ ಟೇಬಲ್ಲು, ಮರದ ಕುರ್ಚಿ, ದಿನಪತ್ರಿಕೆ, ಹರಟೆ ಎಲ್ಲ ಗಂಡಸರಿಗೆ. ಹೆಂಗಸರು ಬಂದರೆ ಮೂಲೆಯಲ್ಲಿ “ಫ್ಯಾಮಿಲಿ ರೂಮ್”, ಅದಕ್ಕೊಂದು ಮಾಸಿದ ಪರದೆ. ಹೆಣ್ಣೊಬ್ಬಳು ಒಂಟಿಯಾಗಿ ಬಂದು ಹೋಟೆಲಿನ ನಡುವೆ ಕೂತು ಕಾಫಿ ಕುಡಿದಿದ್ದನ್ನು ನಾನು ಚಿಕ್ಕವನಿದ್ದಾಗ ನೋಡಿಯೇ ಇಲ್ಲ. ಇನ್ನು ಶೌಚಾಲಯದ ವಿಷಯ. ಪೇಟೆಗೆ ಹೋದರೆ ದಿನವಿಡೀ ನೀರು ಕುಡಿಯದೆ ಇರುವ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು, ಕೇಳಿ ನೋಡಿ. ಅವರಿಗೆ ದೊಡ್ಡ ಕಂಪನಿಯ ಬೋರ್ಡ್ ಕಂಡರೆ ಸಮಾಧಾನವಾಗುವುದು ಕಾಫಿಯ ಆಸೆಯಿಂದಲ್ಲ.

ದರ್ಶಿನಿಯನ್ನು ನಾವೆಲ್ಲ ಮನಸಾರೆ ಹೊಗಳುತ್ತೇವೆ. ಹೊಗಳಬೇಕಾದ್ದೇ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ಆ ಪದ್ಧತಿ ಬಡವನಿಗೂ ಶುಚಿಯಾದ ಇಡ್ಲಿ, ಒಳ್ಳೆ ಕಾಫಿ ಕೊಟ್ಟಿತು. ಆದರೆ ಅಷ್ಟು ಕಡಿಮೆ ಬೆಲೆಗೆ ಕೊಡಲು ಸಾಧ್ಯವಾಗಿದ್ದು ಕುರ್ಚಿ ತೆಗೆದುಹಾಕಿದ್ದರಿಂದ. ಗಿರಾಕಿ ಬೇಗ ತಿಂದು ಜಾಗ ಬಿಡಬೇಕು, ಆಗಲೇ ವ್ಯಾಪಾರ ನಡೆಯುತ್ತದೆ. ಮಂಡಿ ನೋವಿರುವ ನನ್ನ ಅಕ್ಕ ದರ್ಶಿನಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಕೂತು ತಿನ್ನುವ ಹೋಟೆಲಿನಲ್ಲೂ ಬಿಲ್ಲು ತಟ್ಟೆಗಿಂತ ಮೊದಲು ಬರುತ್ತದೆ. ಒಂದು ಕಡೆಯಂತೂ “ರಾಜಕೀಯ, ರಿಯಲ್ ಎಸ್ಟೇಟ್ ಮಾತಾಡುತ್ತಾ ಕೂರಬಾರದು” ಅಂತ ಬೋರ್ಡೇ ಹಾಕಿದ್ದಾರೆ.

ಕೂರಲು ಬಿಡುವ ಕಾಫಿ ಅಂಗಡಿ ನಮಗೆ ಅಮೆರಿಕದಿಂದ ಬಂದಿದ್ದೇನಲ್ಲ. ಕೇಂದ್ರ ಸರ್ಕಾರದ ಕಾಫಿ ಬೋರ್ಡ್ ತಾನು ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು 1950ರ ದಶಕದ ನಡುವೆ ಮುಚ್ಚಿದಾಗ ಕೆಲಸಗಾರರು ಬೀದಿಗೆ ಬಿದ್ದರು. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆನ್ನಿಗೆ ನಿಂತರು. 1957ರಲ್ಲಿ ಬೆಂಗಳೂರಿನಲ್ಲೇ ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡು ಕಾಫಿ ಹೌಸ್ ನಡೆಸತೊಡಗಿದರು. ಎಂ.ಜಿ. ರಸ್ತೆಯ ಕಾಫಿ ಹೌಸಿನಲ್ಲಿ ಬಿಳಿ ಡ್ರೆಸ್ಸು, ಪೇಟದ ಸರ್ವರ್‌ಗಳು ನಾಲ್ಕು ಜನರ ಟೇಬಲ್ಲಿಗೆ ಎರಡು ಕಾಫಿ ತಂದಿಟ್ಟು ಸುಮ್ನೆ ಹೋಗುತ್ತಿದ್ದರು. ಎಷ್ಟೋ ಪತ್ರಿಕೆಗಳ ಯೋಜನೆ, ಎಷ್ಟೋ ನಾಟಕಗಳ ಪಾತ್ರ ಹಂಚಿಕೆ, ಎಷ್ಟೋ ಮುಷ್ಕರಗಳ ಕರಪತ್ರ ಅಂಥ ಟೇಬಲ್ಲುಗಳ ಮೇಲೆ ಆಗಿವೆ. 2009ರಲ್ಲಿ ಅದು ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಊರು ಬೆಳೆದ ವೇಗಕ್ಕೆ ಅಂಥ ಕಾಫಿ ಹೌಸ್‌ಗಳು ಬೆಳೆಯಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದವರಲ್ಲಿ ಮೊದಲಿಗರು ನಮ್ಮ ಚಿಕ್ಕಮಗಳೂರಿನವರೇ. ವಿ.ಜಿ. ಸಿದ್ಧಾರ್ಥ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದಾಗ ಅದು ಸೈಬರ್ ಕೆಫೆ. ಆಮೇಲೆ ಇಂಟರ್ನೆಟ್ ಜೇಬಿಗೆ ಬಂತು, ಕುರ್ಚಿ ಮಾತ್ರ ಅಲ್ಲೇ ಉಳಿಯಿತು. ಸಣ್ಣ ಊರುಗಳಿಗೆ, ಹೆದ್ದಾರಿಗಳಿಗೆ ಅದು ಹಬ್ಬಿತು. 2019ರಲ್ಲಿ ಸಿದ್ಧಾರ್ಥ ತೀರಿಕೊಂಡ ಮೇಲೆ ಸಾಲದ ಭಾರದಲ್ಲಿ ನೂರಾರು ಮಳಿಗೆಗಳು ಮುಚ್ಚಿದವು. ಆಗ ಪತ್ರಿಕೆಗಳು ಷೇರು, ಬ್ಯಾಂಕು, ತನಿಖೆ ಅಂತ ಬರೆದವು. ಜಿಲ್ಲಾ ಕೇಂದ್ರದ ಕಾಲೇಜು ಹುಡುಗಿಯರು ಧೈರ್ಯವಾಗಿ ಕೂರುತ್ತಿದ್ದ ಒಂದೇ ಒಂದು ಅಂಗಡಿ ಮುಚ್ಚಿಹೋದದ್ದನ್ನು ಯಾರೂ ಬರೆಯಲಿಲ್ಲ.

ಹಾಗಂತ ಕಂಪನಿಗಳನ್ನು ತಲೆ ಮೇಲೆ ಹೊತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕುರ್ಚಿ ಅವರದು, ಅವರು ಯಾವಾಗ ಬೇಕಾದರೂ ಎಳೆದುಕೊಳ್ಳಬಹುದು. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸ್ಟಾರ್‌ಬಕ್ಸ್‌ನಲ್ಲಿ ಇಬ್ಬರು ಕಪ್ಪು ಯುವಕರು ಏನೂ ಕೊಳ್ಳದೆ ಯಾರಿಗೋ ಕಾಯುತ್ತಾ ಕೂತಿದ್ದರು. ಮ್ಯಾನೇಜರ್ ಪೊಲೀಸರನ್ನು ಕರೆಸಿ ಹಿಡಿಸಿಕೊಟ್ಟರು. ದೇಶವೆಲ್ಲ ಛೀಮಾರಿ ಹಾಕಿತು. ಕಂಪನಿ ಕ್ಷಮೆ ಕೇಳಿ, ಒಂದು ಮಧ್ಯಾಹ್ನ ಅಲ್ಲಿನ 8,000ಕ್ಕೂ ಹೆಚ್ಚು ಮಳಿಗೆ ಮುಚ್ಚಿ ನೌಕರರಿಗೆ ಪಾಠ ಮಾಡಿಸಿತು. ಕೊಳ್ಳದವರೂ ಬಂದು ಕೂರಬಹುದು ಅಂತ ನಿಯಮ ಮಾಡಿತು. 2025ರ ಜನವರಿಯಲ್ಲಿ ಅದೇ ಕಂಪನಿ ಅಲ್ಲಿ ಆ ನಿಯಮ ವಾಪಸ್ ತೆಗೆದುಕೊಂಡಿತು. ಈಗ ಗಿರಾಕಿಗೆ ಮಾತ್ರ ಕುರ್ಚಿ, ಗಿರಾಕಿಗೆ ಮಾತ್ರ ಶೌಚಾಲಯ.

ನಮ್ಮಲ್ಲಿ ಇದನ್ನು ನೋಡಲು ಗಾಜಿನ ಬಾಗಿಲ ಆಚೆ ಕಣ್ಣು ಹಾಯಿಸಿದರೆ ಸಾಕು. ಡೆಲಿವರಿ ಹುಡುಗ ಹೆಲ್ಮೆಟ್ ತೆಗೆಯದೆ, ಬೈಕಿಗೆ ಒರಗಿ, ಆರ್ಡರ್ ನಂಬರ್ ಬರಲಿ ಅಂತ ಕಾಯುತ್ತಿರುತ್ತಾನೆ. ಒಳಗಡೆ ಎರಡು ಸೋಫಾ ಖಾಲಿ ಇರುತ್ತವೆ. ಚೈನ್ ಕೆಫೆ ಬಗ್ಗೆ ಸಿಟ್ಟು ಮಾಡಲೇಬೇಕು ಅಂತಿದ್ದರೆ ಇದಕ್ಕೆ ಮಾಡಿ ಮೇಷ್ಟ್ರೇ, ನೊರೆಗಲ್ಲ.

ಅದಕ್ಕಿಂತ ಜಾಸ್ತಿ ಸಿಟ್ಟು ನನಗೆ ಊರು ಆಳುವವರ ಮೇಲಿದೆ. ದುಡ್ಡು ಕೊಡದೆ ಮನುಷ್ಯ ಒಂದು ಗಂಟೆ ಕೂರುವ ಜಾಗವನ್ನು ನಮ್ಮ ನಗರಗಳು ಒಂದೊಂದಾಗಿ ಕಿತ್ತುಕೊಂಡಿವೆ. ಬಸ್ ನಿಲ್ದಾಣದಲ್ಲಿ ಬೆಂಚು ಹೋಗಿ, ಒರಗಲು ಮಾತ್ರ ಆಗುವ ಓರೆ ಸ್ಟೀಲ್ ಪೈಪು ಬಂತು. ಅಂಗಡಿ ಮುಂದಿನ ಕಟ್ಟೆಗೆ ಯಾರೂ ಕೂರದಂತೆ ಚೂಪು ಕಲ್ಲು ನೆಡುತ್ತಾರೆ. ಬೆಂಗಳೂರಿನ ಪಾರ್ಕುಗಳಿಗೆ ವರ್ಷಗಟ್ಟಲೆ ಬೆಳಗಿನ ವಾಕಿಂಗ್ ಮುಗಿದ ಕೂಡಲೇ ಬೀಗ ಬೀಳುತ್ತಿತ್ತು, ಬಿಸಿಲಲ್ಲಿ ಅಲೆಯುವವನಿಗೆ ನೆರಳು ಬೇಕಾದ ಹೊತ್ತಿಗೇ ಸರಿಯಾಗಿ. ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಿ ಅಂತ ಸರ್ಕಾರ ಹೇಳಿದ್ದು 2024ರಲ್ಲಿ. ಆಗಲೂ “ಹುಡುಗ ಹುಡುಗಿಯರು ಬಂದು ಕೂರುತ್ತಾರೆ” ಅಂತ ತಕರಾರು ಎತ್ತಿದವರನ್ನು ನಾನು ಬಲ್ಲೆ. ಕೂರಲಿ ಬಿಡಿ, ಪಾರ್ಕ್ ಇರುವುದು ಇನ್ಯಾತಕ್ಕೆ?

ಗ್ರಂಥಾಲಯದ ಕಥೆ ಇನ್ನೂ ಬೇಸರದ್ದು. ಆಸ್ತಿ ತೆರಿಗೆಯ ಜೊತೆ ನೀವೂ ನಾನೂ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಕಾಯ್ದೆಯಲ್ಲೇ ಅದಕ್ಕೆ ಜಾಗ ಮಾಡಿದ್ದಾರೆ. ವಸೂಲಾದ ಹಣ ಗ್ರಂಥಾಲಯಗಳಿಗೆ ಸರಿಯಾಗಿ ತಲುಪುತ್ತಿಲ್ಲ ಅನ್ನುವ ದೂರು ವರ್ಷಗಳಿಂದ ಇದೆ. ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಬಾಗಿಲು ತೆರೆಯುವ ಮೊದಲೇ ಬ್ಯಾಗ್ ಇಟ್ಟು ಸಾಲು ನಿಂತಿರುತ್ತಾರೆ. ಕುರ್ಚಿ ಸಿಗದವರು ಮೆಟ್ಟಿಲ ಮೇಲೆ ಕೂತು ಓದುತ್ತಾರೆ. ಮನೆಯಲ್ಲಿ ಸ್ವಲ್ಪ ಅನುಕೂಲ ಇರುವವರು ಕೆಫೆಗೆ ಹೋಗುತ್ತಾರೆ. ನಿಮಗೆ ಕಣ್ಣು ಕುಕ್ಕಿದ ಆ ಹುಡುಗ ಹುಡುಗಿಯರಲ್ಲಿ ಅಂಥವರೂ ಇದ್ದಾರೆ. ಚೆನ್ನೈ ಪಾಲಿಕೆ 2025ರಲ್ಲಿ ಡೆಲಿವರಿ ಕೆಲಸಗಾರರಿಗೆಂದೇ ಎಸಿ ಹಾಕಿಸಿ ವಿಶ್ರಾಂತಿ ಕೊಠಡಿ ತೆರೆಯಿತು. ಮನಸ್ಸು ಮಾಡಿದರೆ ಆಗುವ ಕೆಲಸವೇ ಇದು.

ನೀವಿರುವುದು ಮೈಸೂರಿನಲ್ಲಿ. ಕುಕ್ಕರಹಳ್ಳಿ ಕೆರೆ ಏರಿ ಇದೆ, ಚೆಲುವಾಂಬ ಪಾರ್ಕ್ ಇದೆ. ಸಂಜೆ ಗೆಳೆಯರ ಜೊತೆ ಕೂತು ಎದ್ದು ಬರಲು ನಿಮಗೆ ಯಾರೂ 290 ರೂಪಾಯಿ ಕೇಳುವುದಿಲ್ಲ. ಆ ಸೌಭಾಗ್ಯ ನಿಮ್ಮ ಮಗಳ ಬೀದಿಯಲ್ಲಿಲ್ಲ.

ಹಾಗಾಗಿ ಬುದ್ಧಿಮಾತಿನ ಲೇಖನವನ್ನು ನಮ್ಮ ಪತ್ರಿಕೆ ಮಾಡುವುದಿಲ್ಲ. ಬದಲಿಗೆ ನಿಮ್ಮಿಂದಲೇ ಒಂದು ಬರಹ ಕೇಳುತ್ತೇನೆ, ಉಳಿದ ಓದುಗರಿಂದಲೂ. ನಿಮ್ಮೂರಿನಲ್ಲಿ ಕಾಸು ಕೊಡದೆ ಒಂದು ಗಂಟೆ ಕೂರಬಹುದಾದ ಜಾಗ ಯಾವುದು? ಹೆಣ್ಣುಮಗಳೊಬ್ಬಳು ಒಬ್ಬಳೇ ಕೂರಬಹುದಾ? ಹತ್ತಿರದಲ್ಲಿ ಶೌಚಾಲಯ ಇದೆಯಾ? ಎಷ್ಟು ಗಂಟೆಗೆ ಬೀಗ ಹಾಕುತ್ತಾರೆ? ಬೀಗದ ಕೈ ಯಾವ ಇಲಾಖೆಯ ಹತ್ತಿರ ಇದೆ? ಒಂದು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಇದಕ್ಕೆಂದೇ ಜಾಗ ಇಟ್ಟಿದ್ದೇವೆ.