ಅಂಗಡಿ ಬೋರ್ಡಿನ ಸ್ಟೇಷನರಿಗೆ ‘ಎ’ ಬೇಕೋ, ‘ಇ’ ಬೇಕೋ?

ಶಿರಸಿಯಲ್ಲಿ ಪೆನ್ನು, ನೋಟ್‌ಬುಕ್ಕಿನ ಅಂಗಡಿ ಹಾಕುತ್ತಿದ್ದೇನೆ, ಇಂಗ್ಲಿಷ್ ಬೋರ್ಡಿನಲ್ಲಿ ಸ್ಟೇಷನರಿಯ ಕೊನೆಗೆ ‘ಎಆರ್‌ವೈ’ ಸರಿಯೋ ‘ಇಆರ್‌ವೈ’ ಸರಿಯೋ ಅಂತ ಕೇಳಿದ್ದೀರಿ.

‘ಇಆರ್‌ವೈ’ ಬರೆಸಿ. ‘ಎಆರ್‌ವೈ’ ಅಂದರೆ ಅಲ್ಲಾಡದೆ ನಿಂತಿರುವುದು ಅಂತ ಅರ್ಥ, ನಿಂತ ಬಸ್ಸಿನ ಹಾಗೆ. ಪೇಪರ್ ಪದದ ಕೊನೆಗೂ ‘ಇಆರ್’ ಇದೆ ಅಲ್ವಾ, ಅದನ್ನೇ ನೆನಪಿಟ್ಟುಕೊಳ್ಳಿ.

ಇವೆರಡೂ ಒಂದೇ ಬೇರಿನ ಪದಗಳು, ಹಾಗಾಗಿ ಗೊಂದಲ ಸಹಜ. ಹಿಂದೆ ಯುರೋಪಿನಲ್ಲಿ ಜಾಸ್ತಿ ವ್ಯಾಪಾರಿಗಳು ಊರೂರು ತಿರುಗಿ ಮಾರುತ್ತಿದ್ದರು. ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವನನ್ನು ಸ್ಟೇಷನರ್ ಅಂದರು. ನಿಮ್ಮ ಊರಲ್ಲೇ ನೋಡಿ: ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬಂದು ಹೋಗುವ ಅಂಗಡಿ ಬೇರೆ, ಪೇಟೆಯಲ್ಲಿ ವರ್ಷವಿಡೀ ಇರುವ ಅಂಗಡಿ ಬೇರೆ. ಆ ಎರಡನೆಯವನೇ ಸ್ಟೇಷನರ್. ಅವನು ಮಾರುವ ಸಾಮಾನು ಸ್ಟೇಷನರಿ. ಲಂಡನ್ನಿನಲ್ಲಿ ಇವರ ಸಂಘ 1403ರಲ್ಲೇ ಶುರುವಾಗಿತ್ತು. ಈ ಕತೆ ನನಗೆ ತುಂಬಾ ಇಷ್ಟ.

ಕನ್ನಡದಲ್ಲಿ ನಾವು ಹೇಳಿದ ಹಾಗೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಕಿವಿಯನ್ನು ನಂಬಿದರೆ ಆಗುವುದಿಲ್ಲ. ಕಂಪ್ಯೂಟರ್ ಕೂಡ ಇಂಥ ತಪ್ಪನ್ನು ಸುಮ್ನೆ ಬಿಟ್ಟುಬಿಡಬಹುದು, ಯಾಕಂದರೆ ಎರಡೂ ನಿಜವಾದ ಪದಗಳೇ. ಹಾಗಾಗಿ ಬೋರ್ಡ್ ಬರೆಯುವವರಿಗೆ ಫೋನಿನಲ್ಲಿ ಹೇಳಬೇಡಿ. ಕಾರವಾರದಲ್ಲಿ ‘ಎ’ ಹಾಕಿದ ಬೋರ್ಡುಗಳನ್ನು ನಾನೇ ನೋಡಿದ್ದೇನೆ. ಚೀಟಿಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಬರೆದು ಕೊಡಿ.

ಮುಂದೆ ಕಾಲೇಜಿಗೆ ಬಿಲ್ ಕಳಿಸುವಾಗ ಪ್ರಿನ್ಸಿಪಾಲರಿಗೆ ಕೊನೆಗೆ ‘ಪಿಎಎಲ್’ ಹಾಕಿ. ‘ಪಿಎಲ್‌ಇ’ ಹಾಕಿದರೆ ಅದು ತತ್ವ ಅಂತಾಗುತ್ತದೆ.